ಆಮೆನ್ ಗುಡ್ಡ

ಮುದ್ದೇನಪಾಳ್ಯದಲ್ಲಿ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ಬೋಳು ಗುಡ್ಡ, ಅದರ ಬುಡದಲ್ಲೊಂದು ಬಾವಿ, ಬಾವಿಗೆದುರಾಗಿ ಹೆಂಚಿನ ಚರ್ಚು. ಗುಡ್ಡದಲ್ಲಿ ನೋಡುವಂಥದ್ದೇನೂ ಇಲ್ಲ; ಮರವಿಲ್ಲ, ಶಿಲುಬೆಯೂ ಇಲ್ಲ. ನೆತ್ತಿಯಲ್ಲಿ ಒಬ್ಬರು ಕೂರುವಷ್ಟು ಅಗಲದ ಬಂಡೆ, ಅಷ್ಟೆ. ಆದರೆ ಭಾನುವಾರ ಬಂದವರಿಗೆ ಒಂದು ಸೋಜಿಗ ಕಾದಿರುತ್ತದೆ. ಪ್ರಾರ್ಥನೆ ಮುಗಿದರೂ ಇಲ್ಲಿ ಯಾರೂ ತಕ್ಷಣ ‘ಆಮೆನ್’ ಎನ್ನುವುದಿಲ್ಲ. ತೆರೆದ ಬಾಗಿಲಿನಾಚೆ, ಗುಡ್ಡದ ಕಡೆ ಕಿವಿಯಿಟ್ಟು ಸುಮ್ಮನಿರುತ್ತಾರೆ. ಹೊಸದಾಗಿ ಬಂದ ಪಾದ್ರಿಗಳೊಬ್ಬರು ತಾವೇ ಏನೋ ಬಿಟ್ಟೆವೆಂದು ಗಾಬರಿಬಿದ್ದು ಇಡೀ ಪ್ರಾರ್ಥನೆಯನ್ನು ಮತ್ತೆ ಮೊದಲಿನಿಂದ ಹೇಳಿದ್ದನ್ನು ನಾನೇ ಕಂಡಿದ್ದೇನೆ, ನೋಡಿ! ಕಾರಣ ಕೇಳುವವರು ಸಿಕ್ಕರೆ ನನಗೆ ಊಟವೂ ಬೇಡ.

ಹಿಂದೆ ಒಮ್ಮೆ, ಪ್ಲೇಗು ಈ ಸೀಮೆಯನ್ನು ಗುಡಿಸಿಹಾಕಿದಾಗ, ಚೌರಮ್ಮ ಎಂಬಾಕೆಯ ಮನೆಯಲ್ಲಿ ಗಂಡ, ಮಕ್ಕಳು, ಅತ್ತೆ ಎಲ್ಲರೂ ತೀರಿಹೋಗಿ ಆಕೆಯೊಬ್ಬಳೇ ಉಳಿದಳಂತೆ. ಉಳಿದದ್ದೇ ತಪ್ಪಾಯಿತು. ರೋಗ ತಂದವಳು ಇವಳೇ ಎಂದು ಊರು ಆಡಿಕೊಂಡಿತು. ಪಟೇಲ ಆಕೆಯನ್ನು ಗುಡ್ಡಕ್ಕೆ ಅಟ್ಟಿ, ಸೇರಿಸಿಕೊಂಡವರಿಗೆ ಊರಬಾವಿಯ ನೀರಿಲ್ಲವೆಂದು ಸಾರಿಸಿದ. ಚರ್ಚಿನವರೆಂದರೆ ಆಗ ಕೆಲವೇ ಕೂಲಿ ಮನೆಗಳು. ಪಾದ್ರಿಗಳು ಬರುತ್ತಿದ್ದುದು ಅಪರೂಪವಾದ್ದರಿಂದ ಪ್ರಾರ್ಥನೆ ನಡೆಸುತ್ತಿದ್ದವರು ಉಪದೇಶಿ ಇನ್ನಾಸಪ್ಪ. ಇವರೆಲ್ಲ ಚೌರಮ್ಮನನ್ನು ಮರೆಯಲಿಲ್ಲ, ಹಾಗೆಂದು ಹತ್ತಿರವೂ ಹೋಗಲಿಲ್ಲ. ಅರ್ಧ ಗುಡ್ಡದ ಕಲ್ಲೊಂದರ ಮೇಲೆ ಮುದ್ದೆ, ಸೊಪ್ಪಿನ ಸಾರು, ಒಂದು ಕೊಡ ನೀರು ಇಟ್ಟು ಬೆನ್ನು ತಿರುಗಿಸಿ ಬರುವರು. ಅವರು ಮರೆಯಾದ ಮೇಲೆ ಆಕೆ ಇಳಿದು ಒಯ್ಯುವಳು. ಯಾರ ಮುಖವನ್ನೂ ಹತ್ತಿರದಿಂದ ಕಾಣದೆ ವರ್ಷಗಳೇ ಕಳೆದವು. ತನ್ನ ದನಿ ತನಗೇ ಮರೆತುಹೋಗಬಾರದೆಂದು ಬಂಡೆಗಳ ಜೊತೆ ಮಾತಾಡುತ್ತಿದ್ದಳು ಎನ್ನುತ್ತಾರೆ. ಭಾನುವಾರ ಮಾತ್ರ, ಕೆಳಗೆ ಪ್ರಾರ್ಥನೆ ಮುಗಿದೊಡನೆ ನೆತ್ತಿಯಿಂದ ಒಂಟಿ ದನಿಯೊಂದು ‘ಆಮೆನ್’ ಎಂದು ತೇಲಿ ಬರುತ್ತಿತ್ತು. ಅದು ಕೇಳಿಸಿದ ಮೇಲೆಯೇ ಜನ ತಾವೂ ‘ಆಮೆನ್’ ಎನ್ನುವರು. ಆಕೆಗಾಗಿ ಮಾಡಬೇಕಾದದ್ದನ್ನೆಲ್ಲ ಮಾಡಿದ್ದೇವೆಂಬ ಸಮಾಧಾನ ಅವರಿಗೆ.

ಒಂದು ಭಾನುವಾರ ಇನ್ನಾಸಪ್ಪನವರು, “ದೇವರೇ, ಒಂಟಿಯಾದವರಿಗೆ ಜೊತೆ ಕೊಡು” ಎಂದು ಗಟ್ಟಿಯಾಗಿ ಬೇಡಿ ಮುಗಿಸಿದರು. ಗುಡ್ಡದಿಂದ ದನಿ ಬರಲಿಲ್ಲ. ಕಾದರು. ಬರಲೇ ಇಲ್ಲ.

“ನಿದ್ದೆ ಹೋಗಿರಬೇಕು. ನಿಮ್ಮ ಪ್ರಾರ್ಥನೆ ಅಷ್ಟುದ್ದ ಅಲ್ವಾ ಉಪದೇಶಿಗಳೇ!” ಎಂದಳು ಬಾಯಿಬಡುಕಿಯೆಂದೇ ಹೆಸರಾದ ಅಗ್ನೇಸಮ್ಮ. ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. ಇನ್ನಾಸಪ್ಪನವರು ಎದ್ದು ಗುಡ್ಡ ಹತ್ತಿದರು. ಮುದ್ದೆಯಿಡುವ ಕಲ್ಲಿನ ಬಳಿ ಒಮ್ಮೆ ನಿಂತು, ಆಮೇಲೆ ದಾಟಿದರು. ಹಿಂದೆಯೇ ಜನರೆಲ್ಲ. ಚೌರಮ್ಮ ಸತ್ತಿರಲಿಲ್ಲ, ಬಂಡೆಯ ಮೇಲೆ ನೆಟ್ಟಗೆ ಕೂತಿದ್ದಳು.

“ಯಾಕವ್ವಾ, ಆಮೆನ್ ಅನ್ನಲಿಲ್ಲ?”

“ಜೊತೆ ಕೊಡು ಅಂತ ದೇವರನ್ನ ಕೇಳಿದ್ರಿ ಅಯ್ಯ. ಮುದ್ದೆ ಇಟ್ಟು ಬೆನ್ನು ತಿರುಗಿಸೋರು ನೀವು. ಅದಕ್ಕೆ ನಾನ್ಯಾಕೆ ಆಮೆನ್ ಅನ್ನಲಿ?”

ಅಗ್ನೇಸಮ್ಮನೇ ಮುಂದೆ ಬಂದು ಚೌರಮ್ಮನ ಕೈ ಹಿಡಿದಳು. “ಏಳಕ್ಕ. ಪಟೇಲ ನೀರು ನಿಲ್ಲಿಸಿದರೆ ನಿಲ್ಲಿಸಲಿ. ನಮ್ಮ ಗಂಡಸರಿಗೆ ಅಗೆಯೋಕೆ ಕೈ ಇಲ್ವಾ?”

ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಮುಗಿಸಲು ಎಲ್ಲರೂ ಆಕೆಯೊಂದಿಗೆ ಇಳಿದು ಚರ್ಚಿಗೆ ಬಂದರು. ಇನ್ನಾಸಪ್ಪನವರು ಅದೇ ಮಾತನ್ನು ಈ ಸಲ ತಗ್ಗಿದ ದನಿಯಲ್ಲಿ ಹೇಳಿದರು. ರೂಢಿಯಂತೆ ಎಲ್ಲರೂ ಗುಡ್ಡದ ಕಡೆ ಕಿವಿಯಿಟ್ಟರು. ಅಲ್ಲಿ ಬರೀ ಗಾಳಿ. ಆಮೇಲೆ ಹಿಂದಿನ ಚಾಪೆಯಿಂದ, ಅಷ್ಟು ಜನರ ನಡುವೆ ಮಾತಾಡುವುದೇ ಮರೆತವಳ ದನಿ ನಡುಗುತ್ತ ಬಂತು: ‘ಆಮೆನ್.’

ಅಂದೇ ಊರಬಾವಿ ಅವರಿಗೆ ಮುಚ್ಚಿತು. ಕೆರೆಯ ರಾಡಿ ನೀರು ಕುಡಿಯುತ್ತ ಬೇಸಗೆಯಿಡೀ ಗುಡ್ಡದ ಬುಡದಲ್ಲಿ ಬಾವಿ ಅಗೆದರು. ಸಿಕ್ಕಿದ ನೀರನ್ನು ಯಾರಿಗೂ ಇಲ್ಲವೆನ್ನಲಿಲ್ಲ. ಮುಂದೊಂದು ದಿನ ಪಟೇಲನ ಮನೆಯ ಕೊಡವೂ ಬಂತಂತೆ. ಇಂದಿಗೂ ಆ ಬಾವಿಗೆ ಬೀಗವಿಲ್ಲ. ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆಯ ಕೊನೆಗೆ ಮೌನ; ಆ ಮೌನದಲ್ಲಿ ಹಿರಿಯರೊಬ್ಬರು, “ಈ ವಾರ ಗುಡ್ಡದ ಮೇಲೆ ಯಾರಿದ್ದಾರೆ?” ಎಂದು ಕೇಳುತ್ತಾರೆ. ಯಾರೋ ಒಂದು ಹೆಸರು ಹೇಳುತ್ತಾರೆ: ಇಟ್ಟಿಗೆ ಗೂಡಿನವರು ಹೊರದಬ್ಬಿದ ಮುದುಕ, ತವರು ಬಾಗಿಲು ತೆರೆಯದ ಹುಡುಗಿ. “ನಾನು ಹೋಗ್ತೀನಿ” ಎಂದು ಒಬ್ಬರಾದರೂ ಏಳುವವರೆಗೆ ಆಮೆನ್ ಇಲ್ಲ. ಕೆಲವು ಭಾನುವಾರ ಯಾರೂ ಬೇಗ ಏಳುವುದಿಲ್ಲ. ಆಗ ಬಾಗಿಲಿನಾಚೆ, ಬಿಸಿಲಲ್ಲಿ, ಆ ಖಾಲಿ ಬಂಡೆ ಕಾಯುತ್ತಿರುತ್ತದೆ.