ಅರಮನೆಯ ಮುದ್ರೆ, ಜಾಲಿಕಟ್ಟೆಯ ತೂಬು

"ಕೇಳಿರಪ್ಪೋ ಕೇಳಿ. ಇವತ್ತಿನಿಂದ ಅರಮನೆಯ ಮುದ್ರೆಯ ಓಲೆ ಬರದೆ ಯಾವನೂ ಯಾವ ತೂಬನ್ನೂ ಎತ್ತಕೂಡದು. ರಾಜಧಾನಿಯ ಹಿರೇಕೆರೆಗೆ ಯಾವ ಕಟ್ಟಳೆಯೋ ಸಣ್ಣ ಕಟ್ಟೆಗೂ ಅದೇ ಕಟ್ಟಳೆ. ಒಪ್ಪದವರು ಬಂದು ದೊರೆಗಳ ಮೂರು ಒಗಟು ಬಿಡಿಸಲಿ. ಬಿಡಿಸಿದವರು ಕಟ್ಟಳೆಗೆ ಒಂದು ಮಾತು ಸೇರಿಸಬಹುದು. ತಪ್ಪಿದವರ ತಲೆ ಹೋಗುತ್ತದೆ."

ನಮ್ಮ ದೊರೆ ಕೆಂಚರಾಯ ಹೀಗೆ ಡಂಗೂರ ಹೊಡೆಸಿದ. ಆ ಸದ್ದಿಗೆ ಗುಡ್ಡದ ನವಿಲುಗಳು ಗುಡುಗೆಂದುಕೊಂಡು ಗರಿ ಬಿಚ್ಚಿದವು. ನಾನೇ ಕಂಡಿದ್ದೇನೆ.

ಹಿರೇಕೆರೆ ಸಮುದ್ರದಂಥದ್ದು, ಓಲೆ ಬರುವ ತನಕ ಕಾಯುತ್ತದೆ. ಸಣ್ಣ ಕಟ್ಟೆ ಕಾಯುತ್ತದೆಯೇ? ಒಂದು ಜಡಿಮಳೆಗೆ ತುಂಬಿ ತನ್ನ ಮಣ್ಣಿನ ಏರಿಯನ್ನೇ ಒದೆಯುತ್ತದೆ. ಓಲೆ ತರಲು ಹೋದವನು ಚಾವಡಿಯಿಂದ ಚಾವಡಿಗೆ ಅಲೆದು, ಕಪ್ಪು ಗಡ್ಡದಲ್ಲಿ ಹೋಗಿ ಬಿಳಿ ಗಡ್ಡದಲ್ಲಿ ಬರುತ್ತಿದ್ದ. ಕಟ್ಟಳೆ ಬರೆದವರಲ್ಲಿ ಒಬ್ಬನಾದರೂ ಏರಿ ಹತ್ತಿ ನೋಡಿದ್ದನೇ? ಇಲ್ಲ. ನೆನೆಸಿಕೊಂಡರೆ ಇವತ್ತಿಗೂ ನನ್ನ ಹಲ್ಲು ಕಟಕಟ ಅನ್ನುತ್ತದೆ, ಇರುವುದು ಎರಡೇ ಆದರೂ.

ಕೋಟೆಯ ಪಕ್ಕದ ಜಾಲಿಕಟ್ಟೆಗೆ ಕಾಟಯ್ಯ ನೀರುಗಂಟಿ. ತೂಬು ಎತ್ತಿ ಹೊಲ ಹೊಲಕ್ಕೂ ನೀರು ಹಾಯಿಸುವುದು ಅವನ ಕೆಲಸ. ಒಂದು ಮಳೆಯಲ್ಲಿ ಏರಿ ಬಿರುಕು ಬಿಟ್ಟಿತು. ಓಲೆಗೆ ಕಾಯದೆ ಅವನು ತೂಬು ಎತ್ತಿದ. ಊರು ಉಳಿಯಿತು, ಅವನಿಗೆ ಸೆರೆಯಾಯಿತು. ಅವನ ಮಗಳು ಚೌಡವ್ವ ಅಳಲಿಲ್ಲ. ಅಪ್ಪ ತೂಬು ಎತ್ತುತ್ತಿದ್ದ ಗೂಟವನ್ನು ಹೆಗಲಿಗೇರಿಸಿ ಅರಮನೆಗೆ ಹೊರಟಳು.

"ಒಬ್ಬಳೇ ಹೋಗಿ ತಲೆ ಕೊಟ್ಟು ಬರುತ್ತೀಯಾ?" ಅಂದಳು ಅವಳ ಸೋದರತ್ತೆ.

"ಒಬ್ಬಳೇ ಯಾಕೆ ಹೋಗಲಿ, ಅತ್ತೆ? ಸಣ್ಣ ಕಟ್ಟೆಯ ನೀರುಗಂಟಿಗಳೆಲ್ಲ ಒಬ್ಬೊಬ್ಬರೇ ಹೋಗಿ ಕೈಮುಗಿದು ಬಂದದ್ದಕ್ಕೇ ಈ ಗತಿ."

ಹತ್ತಿರದ ದಾರಿ ಬಿಟ್ಟು, ಸುತ್ತಮುತ್ತಲ ಕಟ್ಟೆ ಕಟ್ಟೆಗೂ ಹೋಗಿ ಅಲ್ಲಲ್ಲಿಯ ನೀರುಗಂಟಿಯನ್ನು ಕರೆದುಕೊಂಡಳು. ಅವರು ನಡೆದ ಧೂಳಿಗೆ ಮಧ್ಯಾಹ್ನದಲ್ಲೇ ಹಕ್ಕಿಗಳು ಗೂಡು ಸೇರಿದವು.

ಆಸ್ಥಾನದಲ್ಲಿ ನಾನು ಕಂಬ ಹಿಡಿದು ನಿಂತಿದ್ದೆ. ನಾನು ಹಿಡಿದಿದ್ದಕ್ಕೇ ಅದು ಬೀಳಲಿಲ್ಲ. ಅವಳಿಗಿಂತ ಮುಂಚೆ ಇಬ್ಬರು ಬಂದಿದ್ದರು. ಇಬ್ಬರೂ ದೊಡ್ಡ ಕೆರೆಗಳ ಯಜಮಾನರು, ತಮ್ಮ ಕೆರೆಗೆ ಮಾತ್ರ ವಿನಾಯಿತಿ ಬೇಕೆಂದು ಬಂದವರು.

ದೊರೆ ಮೊದಲನೆಯವನಾದ ವೀರಭದ್ರಗೌಡನನ್ನು ಕೇಳಿದ: "ಒಬ್ಬನ ಬಾಯಲ್ಲಿ ಹುಟ್ಟಿ, ಕಾಲಿಲ್ಲದೆ ಊರೂರು ತಿರುಗಿ, ಸಾವಿರ ಜನರ ಬೆನ್ನ ಮೇಲೆ ಕೂರುತ್ತದೆ. ಊರು ಬದಲಾದರೂ ತಾನು ಬದಲಾಗುವುದಿಲ್ಲ. ಏನದು?"

"ಗಾಳಿಸುದ್ದಿ, ಮಹಾಸ್ವಾಮಿ."

"ಗಾಳಿಸುದ್ದಿ ಊರಿಗೊಂದು ಬಾಲ ಬೆಳೆಸಿಕೊಳ್ಳುತ್ತದೆ, ಗೌಡ."

ಗೌಡನ ರುಮಾಲು ಮಾತ್ರ ಊರಿಗೆ ವಾಪಸಾಯಿತು.

ಎರಡನೆಯವನು ಮಲ್ಲರಸ. ಅವನಿಗೆ ಬೇರೆ ಒಗಟು: "ಮುಚ್ಚಿದರೆ ಊರು ಬದುಕುತ್ತದೆ, ತೆರೆದರೂ ಬದುಕುತ್ತದೆ. ಹೊತ್ತು ತಪ್ಪಿದರೆ ಎರಡರಿಂದಲೂ ಸಾಯುತ್ತದೆ. ಒಳಗಿನದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ."

"ಕೋಟೆಯ ಬಾಗಿಲು."

"ನನ್ನ ಕೋಟೆಗೆ ಹೊರಗಿನವರು ಬರುವುದಿಲ್ಲವೇ? ನೀನು ಹೇಗೆ ಬಂದೆ?"

ಮಲ್ಲರಸ ಬಂದ ಬಾಗಿಲಲ್ಲಿ ತಿರುಗಿ ಹೋಗಲಿಲ್ಲ.

ಆಗ ಚೌಡವ್ವ ಮುಂದೆ ಬಂದಳು. ಮಂತ್ರಿ ನಕ್ಕ. "ಗೂಟ ಹೊತ್ತು ಬಂದಿದ್ದೀಯಲ್ಲ ತಾಯಿ, ಎಮ್ಮೆ ಎಲ್ಲಿ?"

"ಕಟ್ಟಬೇಕಾದವರು ಇಲ್ಲೇ ಇದ್ದಾರಂತೆ ಬುದ್ಧಿ, ಅದಕ್ಕೇ ತಂದೆ."

ದೊರೆ ಮೊದಲ ಒಗಟು ಹೇಳಿದ.

"ಕಟ್ಟಳೆ," ಅಂದಳು. "ನಿಮ್ಮ ಬಾಯಲ್ಲಿ ಹುಟ್ಟಿತು, ನಮ್ಮ ಬೆನ್ನ ಮೇಲೆ ಕೂತಿದೆ. ಊರು ಹೇಗಿದೆ ಅಂತ ಕೇಳಲೂ ಇಲ್ಲ."

ಎರಡನೆಯದು ಹೇಳಿದ.

"ತೂಬು. ಹೊತ್ತು ನೋಡಿ ಎತ್ತಿದವನನ್ನು ನೀವು ಸೆರೆಯಲ್ಲಿ ಹಾಕಿದ್ದೀರಿ."

ದೊರೆಯ ಮುಖ ಕೆಂಪಾಯಿತು. "ಮೂರನೆಯದು ಕೇಳು. ಎಲ್ಲರಿಗೂ ಹಂಚುತ್ತಾನೆ, ಕೊನೆಗೆ ತಾನು ಉಣ್ಣುತ್ತಾನೆ. ಅವನ ಪಾಲು ಬಂತೆಂದರೆ ಎಲ್ಲರ ಪಾಲೂ ಬಂದಿದೆ ಎಂದೇ ಅರ್ಥ. ಯಾರವನು?"

"ನೀರುಗಂಟಿ."

"ತಪ್ಪು," ಅಂದ ದೊರೆ, ಸಂತೋಷದಿಂದ. "ಅವನು ದೊರೆ."

ತಲೆ ಕಡಿಯುವವನು ಕತ್ತಿ ಎತ್ತಿದ. ಚೌಡವ್ವ ಕತ್ತು ಬಗ್ಗಿಸಲಿಲ್ಲ.

"ನಿಮ್ಮ ಮಲ್ಲಿಗೆ ತೋಟ ಎಲ್ಲಿದೆ ದೊರೆ? ಜಾಲಿಕಟ್ಟೆಯ ತೂಬಿನ ಬಾಯಿಗೇ ಅಂಟಿಕೊಂಡಿದೆ. ಮೊದಲ ಗುಟುಕು ನಿಮ್ಮದು. ನನ್ನಪ್ಪನ ಹೊಲ ಎಲ್ಲಿದೆ? ಕಾಲುವೆಯ ಕಟ್ಟಕಡೆಗೆ. ಯಾವ ಊರಲ್ಲೂ ನೀರುಗಂಟಿಗೆ ಕೊಡುವುದು ಕೊನೆಯ ಹೊಲವನ್ನೇ. ಅವನ ಹೊಲ ನೆನೆಯಬೇಕಾದರೆ ಊರಿನ ಹೊಲವೆಲ್ಲ ನೆನೆದಿರಬೇಕು. ಈಗ ಹೇಳಿ, ಕೊನೆಗೆ ಉಣ್ಣುವವನು ಯಾರು?"

ಅಷ್ಟರಲ್ಲಿ ಹೊರಗಿದ್ದ ನೀರುಗಂಟಿಗಳು ಒಳಗೆ ಬಂದು ತಮ್ಮ ತಮ್ಮ ಗೂಟಗಳನ್ನು ನೆಲಕ್ಕೆ ಎಸೆದರು. ಅರಮನೆಯ ಹೆಂಚುಗಳು ಎಗರಿ ಎಗರಿ ಕೂತವು.

"ಮುದ್ರೆ ನಿಮ್ಮದು, ಗೂಟವೂ ನೀವೇ ಇಟ್ಟುಕೊಳ್ಳಿ," ಅಂದ ಒಬ್ಬ ಮುದುಕ. "ಮೋಡ ಕಟ್ಟಿದೆ. ಹೋಗಿ ಎತ್ತಿ."

ದೊರೆ ಕಿಟಕಿಯಾಚೆ ನೋಡಿದ. ಮೋಡ ಕರ್ರಗಿತ್ತು. ಮಂತ್ರಿಯನ್ನು ನೋಡಿದ. ಮಂತ್ರಿ ಗೂಟದ ಯಾವ ತುದಿ ಹಿಡಿಯಬೇಕೆಂದು ನೋಡುತ್ತಿದ್ದ. ದೊರೆ ತಲೆ ಕಡಿಯುವವನಿಗೆ ಕೈಸನ್ನೆ ಮಾಡಿದ, ಕತ್ತಿ ಇಳಿಯಿತು.

"ಗೆದ್ದೆ. ನಿನ್ನ ಮಾತು ಸೇರಿಸು. ಒಂದೇ ಮಾತು."

ಅಪ್ಪನನ್ನು ಬಿಡಿಸಿಕೊಳ್ಳುತ್ತಾಳೆಂದು ಎಲ್ಲರೂ ಅಂದುಕೊಂಡೆವು. ಅವಳು ಅಪ್ಪನ ಗೂಟವನ್ನು ನೆಲಕ್ಕೆ ಊರಿ ನಿಂತಳು. ಆಮೇಲೆ ಹೇಳಿದಳು: "ನೀರಿನ ಕಟ್ಟಳೆ ಬರೆಯುವವರ ತೋಟ ಕಾಲುವೆಯ ಕಟ್ಟಕಡೆಗೆ, ನೀರುಗಂಟಿಯ ಹೊಲಕ್ಕಿಂತ ಆಚೆಗೆ ಇರಬೇಕು."

ಮಲ್ಲಿಗೆಯನ್ನು ಬೇರುಸಹಿತ ಕಿತ್ತು ಅಲ್ಲಿ ನೆಟ್ಟರು. ನೀರುಗಂಟಿಗಳು ಗೂಟ ಎತ್ತಿಕೊಂಡು ತಮ್ಮ ಕಟ್ಟೆಗಳಿಗೆ ಹೋದರು. ಮಳೆಗಾಲ ಮುಗಿದು ಬಿಸಿಲು ಬಂತು. ತೋಟಕ್ಕೆ ನೀರು ಬೇಕಾಯಿತು. ದೊರೆಯ ಓಲೆಯೂ ಚಾವಡಿ ಚಾವಡಿ ತಿರುಗಿ ಬರಬೇಕಲ್ಲ, ಅವನೇ ಮಾಡಿದ ಕಟ್ಟಳೆ. ಮಲ್ಲಿಗೆ ಬಾಡಿತು. ರಾಣಿ ಮಾತು ಬಿಟ್ಟಳು. ಕೊನೆಗೊಂದು ದಿನ ದೊರೆ ಚಪ್ಪಲಿ ಕೈಯಲ್ಲಿ ಹಿಡಿದು ಏರಿ ಹತ್ತಿ ಬಂದ.

"ತೂಬು ಎತ್ತಮ್ಮ, ಚೌಡವ್ವ."

"ಮುದ್ರೆ ಎಲ್ಲಿ ದೊರೆ?"

"ಹಾಳಾಗಲಿ ಮುದ್ರೆ. ಗಿಡ ಸಾಯುತ್ತಿದೆ. ನೀನು ಹೊತ್ತು ನೋಡಿ ಎತ್ತು."

"ಹೊತ್ತು ನೋಡಿ ಎತ್ತಿದವನು ನಿಮ್ಮ ಸೆರೆಯಲ್ಲಿ ಯಾಕಿದ್ದಾನೆ?"

ದೊರೆ ಅಲ್ಲಿಂದಲೇ ಸೆರೆಮನೆಗೆ ಆಳು ಓಡಿಸಿದ. ಮುದ್ರೆಯ ಕಟ್ಟಳೆ ಅಲ್ಲೇ, ಆ ಏರಿಯ ಮೇಲೇ ಸತ್ತಿತು. ಸಂಜೆಯೊಳಗೆ ಕಾಟಯ್ಯ ಬಂದು, ಮಗಳ ಕೈಯಿಂದ ಗೂಟ ಇಸಿದುಕೊಂಡು, ತಾನೇ ತೂಬಿಗಿಳಿದ.

ಆ ನೀರನ್ನು ಕಾಲುವೆಯ ತುದಿಯಲ್ಲಿ ಬೊಗಸೆಯೊಡ್ಡಿ ಕುಡಿದವನು ನಾನು. ಸುಳ್ಳು ಅನ್ನುವವರು ತಮ್ಮ ಹೊಲವನ್ನು ಅಲ್ಲಿಗೆ ತಂದಿಟ್ಟು ಆಮೇಲೆ ನನ್ನ ಹತ್ತಿರ ಮಾತಾಡಲಿ.