ಎಷ್ಟು ಕೊಡುತ್ತೆ?

ರುದ್ರಮುನಿ ಸಾಹುಕಾರರ ಕೊಟ್ಟಿಗೆಯಲ್ಲಿ ಸಿಂಗಾರಿ ಎಂಬ ಎಮ್ಮೆಯ ಪಕ್ಕದಲ್ಲೇ ಒಂದು ಭಾರಿ ಅಮೆರಿಕನ್ ಕಾರು ಮಾರಾಟಕ್ಕೆ ನಿಂತಿತ್ತು. ಬಂದವರೆಲ್ಲ ಅದರ ಮೈ ಸವರುವರು, ಸೋಫಾದಂಥ ಸೀಟಿನಲ್ಲಿ ಕೂತು ಫೋಟೊ ಹೊಡೆಸಿಕೊಳ್ಳುವರು. ಕೊನೆಗೆ "ಎಷ್ಟು ಕೊಡುತ್ತೆ?" ಎಂದು ಕೇಳುವರು. ಉತ್ತರ ಕಿವಿಗೆ ಬಿದ್ದದ್ದೇ ತಡ, ಜಾಗ ಖಾಲಿ ಮಾಡುವರು.

ಈ ವರ್ಷ ಹೊತ್ತಿಗೆ ಒಂದೇ ಲೀಟರ್ ಹಾಲಿಗೆ ಇಳಿದಿದ್ದ ಸಿಂಗಾರಿಗೆ ಕುತೂಹಲ ತಡೆಯಲಾಗಲಿಲ್ಲ.

"ಅಕ್ಕಾ, ನೀನು ಕೊಡೋದಾದರೂ ಎಷ್ಟು?"

"ಐದು," ಎಂದಿತು ಕಾರು.

"ಹೊತ್ತಿಗೆ ಐದು ಲೀಟರೇ! ಮತ್ತೆ ಇವರೆಲ್ಲ ಯಾಕೆ ಓಡಿಹೋಗ್ತಾರೆ?"

"ಹಾಲಲ್ಲ ತಂಗಿ, ಮೈಲೇಜು. ನಾನು ಒಂದು ಲೀಟರ್ ಪೆಟ್ರೋಲ್ ಕುಡಿದರೆ ಓಡೋದು ಐದೇ ಕಿಲೋಮೀಟರ್."

"ಹಾಗಾದರೆ ಇಷ್ಟು ದೊಡ್ಡ ಮೈ ಇಟ್ಟುಕೊಂಡು ಏನು ಪ್ರಯೋಜನ?"

"ಒಮ್ಮೆ ಲಾರಿಯೊಂದು ಎದುರಿಂದ ಬಂದು ಗುದ್ದಿತು. ಒಳಗೆ ಸಾಹುಕಾರರ ಮನೆಯವರು ಆರು ಜನ ಇದ್ದರು. ನನ್ನ ಮೂತಿ ಅಪ್ಪಚ್ಚಿಯಾಯಿತು, ಅವರಲ್ಲಿ ಒಬ್ಬರಿಗೂ ಒಂದು ಗೀರು ಬೀಳಲಿಲ್ಲ."

"ಅದನ್ನು ಯಾರೂ ಕೇಳಲಿಲ್ಲವೇ?"

"ನೀನೇ ಮೊದಲು."

ಸಿಂಗಾರಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಆ ಆರು ಜನರಲ್ಲಿ ನಾಲ್ವರು ಅದರ ಹಾಲು ಕುಡಿದೇ ಬೆಳೆದವರು.

ಅಷ್ಟರಲ್ಲಿ ಹೊಸಬನೊಬ್ಬ ಕೊಟ್ಟಿಗೆಯ ಬಾಗಿಲಿಗೆ ಬಂದು ಸಾಹುಕಾರರನ್ನು ಕೇಳಿದ: "ಎಷ್ಟು ಕೊಡುತ್ತೆ?"

ಪಾಪ, ಅಕ್ಕನಿಗೆ ಈ ಸಲವಾದರೂ ಒಳ್ಳೆಯ ಗಿರಾಕಿ ಸಿಗಲಿ ಎಂದುಕೊಳ್ಳುತ್ತ ಸಿಂಗಾರಿ ಕತ್ತೆತ್ತಿ ನೋಡಿತು. ಅವನ ಹೆಗಲ ಮೇಲೆ ಹೊಸ ಹಗ್ಗವಿತ್ತು.