ಸರಿಸಮಾನರಾದ ಕೋಲು ಮತ್ತು ಅಳತೆಯಂತ್ರ

ಉತ್ತರದ ತುತ್ತತುದಿಯ ಊರಲ್ಲಿ, ಹೆಪ್ಪುಗಟ್ಟಿದ ಕಡಲನ್ನು ಕುಟ್ಟಿ ನೋಡಿ ಬೇಟೆಗಾರರಿಗೆ ದಾರಿ ಹೇಳುವ ಹಳೇ ಕೋಲೊಂದಿತ್ತು. ಮಂಜುಗಡ್ಡೆಯ ದಪ್ಪ ಅಳೆಯಲು ಪಟ್ಟಣದಿಂದ ಬಂದ ಅಳತೆಯಂತ್ರ ಅದಕ್ಕೆ ನಮಸ್ಕರಿಸಿ, “ಅಜ್ಜಾ, ಈ ಸಂಶೋಧನೆಯಲ್ಲಿ ನಾವಿಬ್ಬರೂ ಸರಿಸಮಾನರು” ಎಂದಿತು.

ಕೋಲು ಹಿಗ್ಗಿ ಹೋಯಿತು. ಮೂರು ಸಲ ಕುಟ್ಟಿ, “ಹಾಗಾದರೆ ಮುಂದೆ ಹೋಗಬೇಡಪ್ಪಾ, ಇಲ್ಲಿ ಮಂಜುಗಡ್ಡೆ ತೆಳ್ಳಗಿದೆ” ಎಂದಿತು.

“ತಮ್ಮ ಅನುಭವವನ್ನು ಗೌರವಿಸುತ್ತೇನೆ. ಆದರೆ ಪುರಾವೆ ಬೇಕಲ್ಲ?” ಎನ್ನುತ್ತ ಯಂತ್ರ ಮುಂದೆ ಹೋಯಿತು, ಮಂಜುಗಡ್ಡೆ ಒಡೆದು ನೀರಿಗೆ ಬಿತ್ತು. ಅದನ್ನು ಮೇಲೆತ್ತಿದ ಭಾರಕ್ಕೆ ಕೋಲಿನ ನಡುವೇ ಸೀಳಿತು.

ಮರುವರ್ಷ ಯಂತ್ರದ ವರದಿ ಬಂತು: “ಅಲ್ಲಿ ಮಂಜುಗಡ್ಡೆ ತೆಳ್ಳಗಿರುವುದನ್ನು ಮೊಟ್ಟಮೊದಲು ಕಂಡುಹಿಡಿದದ್ದು ನಾನು.” ಕೋಲು ಪುಟಪುಟದಲ್ಲೂ ತನ್ನ ಹೆಸರು ಹುಡುಕಿತು. ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ ಸಿಕ್ಕಿತು: “ಬಳಸಿದ ಸಾಮಗ್ರಿ: ಕಟ್ಟಿಗೆ ಒಂದು, ಸೀಳಿದ್ದು.”